ಗ್ಯಾಸ್‌ನಲ್ಲಿ ಮಾತ್ರ ‘ಢಬ್’ ಅನ್ನುವ ಕಾರು

ಪ್ರಶ್ನೆ: ನನ್ನದು 2008ರ ಪೆಟ್ರೋಲ್ ಕಾರು, 1.3 ಲಕ್ಷ ಕಿಲೋಮೀಟರ್ ಓಡಿದೆ. ಹಳೇ ಮಿಕ್ಸರ್ ಮಾದರಿಯ ಎಲ್‌ಪಿಜಿ ಕಿಟ್ ಇದೆ. ದೇವರಾಯನದುರ್ಗದ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಬಾನೆಟ್ ಒಳಗಿಂದ ‘ಢಬ್’ ಅಂತ ಸದ್ದು. ಒಂದು ಸಲ ಏರ್ ಫಿಲ್ಟರ್ ಡಬ್ಬದ ಮುಚ್ಚಳವೇ ಎದ್ದು ಬಂತು. ಇಳಿಯುವಾಗ ಸೈಲೆನ್ಸರ್‌ನಲ್ಲಿ ಪಟಪಟ. ಗ್ಯಾರೇಜಿನವರು ಪ್ಲಗ್ ಬದಲಿಸಿದರು, ಆಮೇಲೆ ಪೆಟ್ರೋಲ್ ಪಂಪ್ ಬದಲಿಸಿದರು. ಏನೂ ಪ್ರಯೋಜನ ಆಗಲಿಲ್ಲ. ಪೆಟ್ರೋಲ್‌ನಲ್ಲಿ ಓಡಿಸಿದರೆ ಸದ್ದೇ ಇಲ್ಲ. ಮಳೆ ಬಂದ ದಿನ ಜಾಸ್ತಿ. ಎಂಜಿನ್ ಬಿಚ್ಚಿಸಬೇಕಾ?
– ಓದುಗರು, ತುಮಕೂರು

ಉತ್ತರ: ಬಿಚ್ಚಿಸಬೇಡಿ, ಈಗಲೇ ಅಂತೂ ಬೇಡ. ಪತ್ರದ ಕೊನೆಯಲ್ಲಿ ಸುಮ್ನೆ ಸೇರಿಸಿದಂತೆ ಬರೆದಿದ್ದೀರಲ್ಲ, ‘ಪೆಟ್ರೋಲ್‌ನಲ್ಲಿ ಇಲ್ಲ, ಮಳೆಯಲ್ಲಿ ಜಾಸ್ತಿ’ ಅಂತ, ಅರ್ಧ ಉತ್ತರ ಅಲ್ಲೇ ಇದೆ.

ಪೆಟ್ರೋಲ್ ಪಂಪ್ ಬದಲಿಸಿದ್ದು ದಂಡ. ಗ್ಯಾಸ್‌ನಲ್ಲಿ ಓಡುವಾಗ ಬರುವ ಸದ್ದಿಗೂ ಆ ಪಂಪಿಗೂ ಏನು ಸಂಬಂಧ? ಪ್ಲಗ್ ಬದಲಿಸಿದ್ದು ಸರಿ, ಆದರೆ ಅರ್ಧ ಕೆಲಸ. ಪ್ಲಗ್‌ಗೆ ಕರೆಂಟ್ ತರುವ ವೈರ್‌ಗಳನ್ನು ಯಾರಾದರೂ ನೋಡಿದರಾ?

ಗ್ಯಾಸ್ ಹೊತ್ತಿಸಲು ಪೆಟ್ರೋಲ್‌ಗಿಂತ ಜೋರಾದ ಕಿಡಿ ಬೇಕು. ವೈರ್ ಹಳೆಯದಾಗಿ ಅದರ ರಬ್ಬರ್ ಬಿರುಕು ಬಿಟ್ಟಿದ್ದರೆ ಪೆಟ್ರೋಲ್‌ನಲ್ಲಿ ಹೇಗೋ ನಡೆದುಹೋಗುತ್ತದೆ. ಗ್ಯಾಸ್‌ನಲ್ಲಿ, ಅದೂ ಏರಿನಲ್ಲಿ ಪೂರ್ತಿ ಒತ್ತಿದಾಗ, ಕಿಡಿ ಪ್ಲಗ್‌ವರೆಗೆ ಹೋಗದೆ ಹತ್ತಿರದ ಕಬ್ಬಿಣಕ್ಕೆ ಹಾರುತ್ತದೆ. ತೇವ ಇದ್ದರೆ ಇನ್ನೂ ಸುಲಭವಾಗಿ ಹಾರುತ್ತದೆ. ಆ ಸಿಲಿಂಡರ್‌ನ ಗ್ಯಾಸ್ ಸರಿಯಾಗಿ ಉರಿಯುವುದಿಲ್ಲ. ನಿಧಾನಕ್ಕೆ ಉರಿಯುತ್ತಲೇ ಇರುವಾಗ ಮಿಶ್ರಣ ಒಳಗೆ ಬಿಡುವ ಇನ್‌ಲೆಟ್ ವಾಲ್ವ್ ತೆರೆದುಕೊಂಡರೆ ಬೆಂಕಿ ಹಿಂದಕ್ಕೆ ನುಗ್ಗುತ್ತದೆ. ಮಿಕ್ಸರ್ ಕಿಟ್‌ನಲ್ಲಿ ಗಾಳಿ-ಗ್ಯಾಸ್ ಮಿಶ್ರಣ ಇನ್‌ಟೇಕ್ ಕೊಳವೆ ತುಂಬಾ ತುಂಬಿರುತ್ತದೆ. ಅದಷ್ಟೂ ಒಂದೇ ಸಲ ಹೊತ್ತಿಕೊಳ್ಳುವುದರಿಂದ ಫಿಲ್ಟರ್ ಮುಚ್ಚಳ ಹಾರುತ್ತದೆ. ವಾಲ್ವ್ ಪಕ್ಕದಲ್ಲೇ ಗ್ಯಾಸ್ ಚಿಮ್ಮಿಸುವ ಸೀಕ್ವೆನ್ಷಿಯಲ್ ಕಿಟ್‌ಗಳಲ್ಲಿ ಈ ಕಾಟ ತುಂಬಾ ಕಡಿಮೆ.

ಪರೀಕ್ಷೆ ಮನೆಯಲ್ಲೇ ಮಾಡಬಹುದು. ಗ್ಯಾಸ್ ವಾಸನೆ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಕತ್ತಲಾದ ಮೇಲೆ, ಬಯಲಲ್ಲಿ ನಿಲ್ಲಿಸಿ. ಎಂಜಿನ್ ಪೆಟ್ರೋಲ್‌ನಲ್ಲೇ ಓಡುತ್ತಿರಲಿ. ಬಾನೆಟ್ ತೆಗೆದು, ದೂರದಿಂದ ವೈರ್‌ಗಳ ಮೇಲೆ ಸ್ಪ್ರೇ ಬಾಟಲಿಯಿಂದ ನೀರಿನ ತುಂತುರು ಹಾಯಿಸಿ. ನೀಲಿ ಕಿಡಿ ಕುಣಿಯುವುದು ಕಂಡರೆ ಕಳ್ಳ ಸಿಕ್ಕಂತೆ. ಕೈ ಮಾತ್ರ ಹತ್ತಿರ ಒಯ್ಯಬೇಡಿ, ಹೊಡೆತ ಸಣ್ಣದಲ್ಲ. ಆಗ ವೈರ್ ಸೆಟ್ ಪೂರ್ತಿ ಬದಲಿಸಿ, ಒಂದೊಂದಾಗಿ ಬೇಡ. ಹಾಗೆಯೇ ಹೊಸ ಪ್ಲಗ್‌ನ ಗ್ಯಾಪ್, ಅಂದರೆ ಕಿಡಿ ಹಾರುವ ಸಂದು, ಅಳೆಸಿ. ಪೆಟ್ರೋಲ್‌ಗೆ ಅಂತ 1.1 ಮಿಲಿಮೀಟರ್ ಬಿಟ್ಟಿದ್ದರೆ ಗ್ಯಾಸ್‌ಗೆ ಅದು ದೂರವಾಯಿತು. 0.7ರಿಂದ 0.8ರ ಒಳಗೆ ತಂದರೆ ಕಿಡಿ ಸಲೀಸಾಗಿ ದಾಟುತ್ತದೆ.

ಕಿಡಿ ಕಾಣಲಿಲ್ಲವೇ? ಆಗ ಗ್ಯಾಸ್ ಕಡಿಮೆ ಸಿಗುತ್ತಿದೆಯೇ ಅಂತ ನೋಡಬೇಕು. ಪೆಟ್ರೋಲ್‌ನ ಒಂದು ಪಾಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕು, ಎಲ್‌ಪಿಜಿಗೆ ಸುಮಾರು 15.5. ಗ್ಯಾಸ್ ಫಿಲ್ಟರ್ ಕಟ್ಟಿಕೊಂಡರೆ ಅಥವಾ ಗ್ಯಾಸ್‌ನ ಒತ್ತಡ ಇಳಿಸುವ ರೆಡ್ಯೂಸರ್ ಒಳಗಿನ ರಬ್ಬರ್ ಪೊರೆ (ಡಯಾಫ್ರಮ್) ಗಡುಸಾದರೆ ಏರಿನಲ್ಲಿ ಗಾಳಿ ಜಾಸ್ತಿ, ಗ್ಯಾಸ್ ಕಮ್ಮಿ ಆಗುತ್ತದೆ. ಅಂಥ ಮಿಶ್ರಣ ನಿಧಾನಕ್ಕೆ ಉರಿದು ಅದೇ ‘ಢಬ್’ ಕೊಡುತ್ತದೆ. ಫಿಲ್ಟರ್ ಅಗ್ಗ, ಮೊದಲು ಅದನ್ನೇ ಹಾಕಿಸಿ.

ಇವೆರಡೂ ಸರಿಯಿದ್ದರೆ ಟ್ಯಾಪೆಟ್, ಅಂದರೆ ವಾಲ್ವ್ ಒತ್ತಿ ತೆರೆಸುವ ಭಾಗ, ನೋಡಬೇಕು. ಗ್ಯಾಸ್‌ನಲ್ಲಿ ವಾಲ್ವ್ ಕೂರುವ ಸೀಟು ಬೇಗ ಸವೆಯುತ್ತದೆ. ಸವೆದಂತೆ ವಾಲ್ವ್ ಮೇಲಕ್ಕೆ ಸರಿದು ಟ್ಯಾಪೆಟ್ ಸಂದು ಕಡಿಮೆಯಾಗುತ್ತದೆ. ಎಂಜಿನ್ ಬಿಸಿಯಾದಾಗ ವಾಲ್ವ್ ಪೂರ್ತಿ ಮುಚ್ಚಿಕೊಳ್ಳುವುದೇ ಇಲ್ಲ. ಇದನ್ನು ಟ್ಯಾಪೆಟ್ ಸದ್ದಿನಿಂದ ಹಿಡಿಯಲಾಗದು, ಯಾಕೆಂದರೆ ಸಂದು ಕಮ್ಮಿಯಾದರೆ ಎಂಜಿನ್ ಇನ್ನಷ್ಟು ಮೆತ್ತಗೆ ಓಡುತ್ತದೆ! ಅಳೆದೇ ನೋಡಬೇಕು. ಅನುಮಾನ ಉಳಿದರೆ ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ಬಿಡುವ ಲೀಕ್ ಪರೀಕ್ಷೆ ಮಾಡಿಸಿ. ‘ಸುಸ್’ ಸದ್ದು ಏರ್ ಫಿಲ್ಟರ್ ಕಡೆ ಬಂದರೆ ಇನ್‌ಲೆಟ್ ವಾಲ್ವ್, ಸೈಲೆನ್ಸರ್ ಕಡೆ ಬಂದರೆ ಎಕ್ಸಾಸ್ಟ್ ವಾಲ್ವ್, ಆಯಿಲ್ ಹಾಕುವ ಬಾಯಿಯಲ್ಲಿ ಬಂದರೆ ಪಿಸ್ಟನ್ ರಿಂಗ್ ಸೋರುತ್ತಿದೆ ಅಂತ. ಎಂಜಿನ್ ಬಿಚ್ಚುವ ಮಾತು ಆ ಮೇಲೆ.

ಇಳಿಜಾರಿನ ಪಟಪಟಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ಕಾಲು ತೆಗೆದಾಗ ಉರಿಯದ ಗ್ಯಾಸ್ ಬಿಸಿ ಸೈಲೆನ್ಸರ್‌ಗೆ ಹೋಗಿ ಅಲ್ಲಿ ಸಿಡಿಯುತ್ತದೆ. ಎಕ್ಸಾಸ್ಟ್ ಗ್ಯಾಸ್ಕೆಟ್ ಸೋರಿ ಹೊರಗಿನ ಗಾಳಿ ಒಳಗೆ ಹೋಗುತ್ತಿದ್ದರೆ ಜಾಸ್ತಿ ಕೇಳಿಸುತ್ತದೆ. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಎಂಜಿನ್‌ನಿಂದ ಹೊಗೆ ಕೊಳವೆ ಹೊರಡುವ ಮ್ಯಾನಿಫೋಲ್ಡ್ ಹತ್ತಿರ ‘ಟಿಕ್ ಟಿಕ್’ ಅಂತ ಸೋರುವ ಸದ್ದು ಇದೆಯಾ ಕೇಳಿ. ಕಿಡಿ ಸರಿಹೋದರೆ ಇದೂ ತಾನಾಗೇ ಕಡಿಮೆ ಆಗಬಹುದು.

ರಿಪೇರಿ ಆಗುವವರೆಗೆ ಪೆಟ್ರೋಲ್‌ನಲ್ಲೇ ಓಡಿಸಿ. ಖರ್ಚು ಜಾಸ್ತಿ, ಗೊತ್ತು. ಆದರೆ ಮುಂದಿನ ಸಲ ಮುಚ್ಚಳ ಹಾರುವ ಬದಲು ಪ್ಲಾಸ್ಟಿಕ್ ಇನ್‌ಟೇಕ್ ಒಡೆದರೆ ಅದರ ಬಿಲ್ ಇನ್ನೂ ದೊಡ್ಡದು.