ಒಣಗದ ಹೊಂಗೆ ಎಣ್ಣೆ, ‘ಸಸ್ಯಜನ್ಯ’ ಎಂಬ ಚೀಟಿ

ಪ್ರಶ್ನೆ: ನಮ್ಮ ತೋಟದ ಹೊಂಗೆ ಬೀಜವನ್ನು ಗಾಣಕ್ಕೆ ಹಾಕಿಸಿ, ಬಂದ ಎಣ್ಣೆಯನ್ನು ಹಳೆಯ ಹಲಸಿನ ಬಾಗಿಲಿಗೆ ಎರಡು ಸಲ ಹಚ್ಚಿದೆ. ಮೂರು ತಿಂಗಳಾದರೂ ಅಂಟು ಬಿಟ್ಟಿಲ್ಲ, ಧೂಳೆಲ್ಲ ಮೆತ್ತಿಕೊಂಡಿದೆ. ಪಕ್ಕದ ಮನೆಯವರು ಹಚ್ಚಿದ ಅಗಸೆ ಎಣ್ಣೆ ವಾರದೊಳಗೆ ಒಣಗಿತು. ಗಾಣದವರು ಕಲಬೆರಕೆ ಮಾಡಿದ್ದಾರೆಯೇ? ಹೊಂಗೆ ಎಣ್ಣೆಯಿಂದ ವಾರ್ನಿಷ್ ಮಾಡಲು ಬರುವುದೇ ಇಲ್ಲವೇ?
– ಓದುಗರೊಬ್ಬರು, ತುಮಕೂರು

ಉತ್ತರ: ಗಾಣದವರ ಮೇಲೆ ಅನುಮಾನ ಬೇಡ. ಅಪ್ಪಟ ಹೊಂಗೆ ಎಣ್ಣೆಯೂ ಹೀಗೆಯೇ ಇರುತ್ತದೆ.

ನೀರು ಒಣಗುವುದೆಂದರೆ ಆವಿಯಾಗಿ ಹೋಗುವುದು. ಎಣ್ಣೆ ಎಲ್ಲಿಗೂ ಹೋಗುವುದಿಲ್ಲ. ಅದು ಗಾಳಿಯ ಆಮ್ಲಜನಕವನ್ನು ಹೀರಿಕೊಂಡು, ಒಂದು ಅಣು ಇನ್ನೊಂದರ ಕೈ ಹಿಡಿದು, ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ಪದರವಾಗುತ್ತದೆ. ಆ ಕೈಗಳೇ ದ್ವಿಬಂಧಗಳು, ಅಂದರೆ ಎರಡು ಇಂಗಾಲಗಳ ನಡುವಿನ ಜೋಡಿ ಕೊಂಡಿಗಳು. ದ್ವಿಬಂಧ ಇದ್ದರಷ್ಟೇ ಸಾಲದು, ಎರಡು ದ್ವಿಬಂಧಗಳ ನಡುವೆ ಸಿಕ್ಕಿಕೊಂಡ ಇಂಗಾಲವೊಂದು ಇರಬೇಕು. ಆಮ್ಲಜನಕ ಮೊದಲು ಕೈ ಹಾಕುವುದು ಅಲ್ಲಿಗೆ. ಅಗಸೆ ಎಣ್ಣೆಯ ಅರ್ಧದಷ್ಟು ಭಾಗ ಮೂರು ದ್ವಿಬಂಧಗಳ ಲಿನೋಲೆನಿಕ್ ಆಮ್ಲ. ಹೊಂಗೆಯಲ್ಲಿ ಹೆಚ್ಚಿನ ಪಾಲು ಒಂದೇ ದ್ವಿಬಂಧದ ಓಲಿಕ್ ಆಮ್ಲ. ಒಂದು ಕೈಯಲ್ಲಿ ಚಪ್ಪಾಳೆ ತಟ್ಟಲು ಆದೀತೇ?

ಇದನ್ನು ಅಳೆಯುವ ಹಳೆಯ ಪರೀಕ್ಷೆಯೊಂದಿದೆ. ನೂರು ಗ್ರಾಂ ಎಣ್ಣೆ ಎಷ್ಟು ಗ್ರಾಂ ಅಯೋಡಿನ್ ನುಂಗುತ್ತದೆ ಎಂಬುದೇ ಅದರ ಅಯೋಡಿನ್ ಮೌಲ್ಯ. ಅಗಸೆ ಎಣ್ಣೆಗೆ ಅದು ಸುಮಾರು 170ರಿಂದ 200, ಕುಸುಬೆ ಎಣ್ಣೆಗೆ 140ರ ಆಸುಪಾಸು, ಹೊಂಗೆಗೆ 80–90, ಕೊಬ್ಬರಿ ಎಣ್ಣೆಗೆ ಹತ್ತರ ಹತ್ತಿರ. ಸ್ಥೂಲವಾಗಿ ಹೇಳುವುದಾದರೆ 130 ದಾಟಿದ ಎಣ್ಣೆ ತಾನಾಗಿ ಒಣಗುತ್ತದೆ, 100ರ ಕೆಳಗಿನದು ಒಣಗುವುದಿಲ್ಲ. ಕರಾವಳಿಯವರು ಮರದ ದೋಣಿಗೆ ಬೂತಾಯಿ ಮೀನಿನ ಎಣ್ಣೆ ಬಳಿಯುತ್ತಿದ್ದುದರ ಹಿಂದೆಯೂ ಇದೇ ಲೆಕ್ಕವಿದೆ. ವಾಸನೆ ಸಹಿಸಿಕೊಂಡರೆ ಅದು ಚೆನ್ನಾಗಿ ಒಣಗುವ ಎಣ್ಣೆ.

ಹಾಗೆಂದು ಹೊಂಗೆ ನಿಷ್ಪ್ರಯೋಜಕವಲ್ಲ, ಅದನ್ನು ಪಳಗಿಸಬೇಕು ಅಷ್ಟೇ. ಹರಳೆಣ್ಣೆಯನ್ನು ನೋಡಿ, ಅದೂ ಒಣಗದ ಎಣ್ಣೆಯೇ. ಗುಜರಾತಿನ ಕಛ್‌ನಲ್ಲಿ ರೋಗನ್ ಕಲೆಯವರು ಅದನ್ನೇ ಬಹಳ ಹೊತ್ತು ಕಾಯಿಸಿ, ಎಳೆ ಬರುವಷ್ಟು ದಪ್ಪ ಮಾಡಿ, ಬಣ್ಣ ಬೆರೆಸಿ ಬಟ್ಟೆಯ ಮೇಲೆ ಚಿತ್ರ ಬಿಡಿಸುತ್ತಾರೆ. ಕಾರ್ಖಾನೆಯಲ್ಲಿ ಆಮ್ಲೀಯ ವೇಗವರ್ಧಕ ಹಾಕಿ 250 ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸಿದರೆ ಹರಳೆಣ್ಣೆಯ ಅಣುವಿನಿಂದ ನೀರು ಕಳಚಿ ಹೊಸ ದ್ವಿಬಂಧ ಹುಟ್ಟುತ್ತದೆ. ಒಣಗದ ಎಣ್ಣೆ ಒಣಗುವ ಎಣ್ಣೆಯಾಗುತ್ತದೆ. ಹೊಂಗೆಗೆ ಬೇರೆ ದಾರಿ. ಅದರ ದ್ವಿಬಂಧಗಳನ್ನು ಹೈಡ್ರೊಜನ್ ಪೆರಾಕ್ಸೈಡ್ ಮತ್ತು ಫಾರ್ಮಿಕ್ ಅಥವಾ ಅಸಿಟಿಕ್ ಆಮ್ಲದ ನೆರವಿನಿಂದ ಎಪಾಕ್ಸಿ ಉಂಗುರಗಳಾಗಿಸಿ (ಎರಡು ಇಂಗಾಲ, ಒಂದು ಆಮ್ಲಜನಕದ ಪುಟ್ಟ ಉಂಗುರ), ಆ ಉಂಗುರಗಳನ್ನು ಬಿಡಿಸಿದರೆ, ಬಣ್ಣ ವಾರ್ನಿಷ್‌ಗಳಲ್ಲಿ ಪದರ ಕಟ್ಟುವ ಅಂಟಾದ ರೆಸಿನ್‌ಗೆ ಬೇಕಾದ ಕೊಂಡಿಗಳು ಸಿಗುತ್ತವೆ. ಇದನ್ನು ಮನೆಯ ಹಿತ್ತಲಲ್ಲಿ ಮಾತ್ರ ಮಾಡಬೇಡಿ. ಪೆರಾಕ್ಸೈಡ್ ಮತ್ತು ಸಾವಯವ ಆಮ್ಲ ಸೇರಿದಾಗ ಕಾವು ತಾನೇ ತಾನಾಗಿ ಏರುತ್ತದೆ. ತಣಿಸುವ ವ್ಯವಸ್ಥೆ ಇಲ್ಲದಿದ್ದರೆ ಸ್ಫೋಟವಾಗಬಹುದು.

ನಿಮ್ಮ ಬಾಗಿಲಿನ ವಿಚಾರಕ್ಕೆ ಬಂದರೆ, ಟರ್ಪೆಂಟೈನ್‌ನಲ್ಲಿ ಅದ್ದಿದ ಬಟ್ಟೆಯಿಂದ ಎರಡು ಮೂರು ಸಲ ಒರೆಸಿ, ನಾಲ್ಕು ದಿನ ಗಾಳಿಗೆ ಬಿಟ್ಟು, ಮರಳು ಕಾಗದದಿಂದ ಉಜ್ಜಿ. ಆಮೇಲೆ ಅಗಸೆ ಎಣ್ಣೆಯನ್ನು ತೆಳ್ಳಗೆ ಹಚ್ಚಿ. ದಪ್ಪಗೆ ಹಚ್ಚಿದರೆ ಮೇಲೆ ಕೆನೆ ಕಟ್ಟಿ ಒಳಗೆ ಹಸಿ ಉಳಿಯುತ್ತದೆ.

ಪ್ರಶ್ನೆ: ಶಾಲೆಯ ನೆಲಕ್ಕೆ ಲೇಪನ ಹಾಕಿಸಬೇಕಿದೆ. ಒಬ್ಬ ಮಾರಾಟಗಾರರು ತಮ್ಮದು ‘ಸಸ್ಯಜನ್ಯ, ಪರಿಸರಸ್ನೇಹಿ ಪಾಲಿಯುರೆಥೇನ್’ ಎನ್ನುತ್ತಾರೆ. ನಂಬಬಹುದೇ? ಏನು ಕೇಳಬೇಕು?
– ವಿಜ್ಞಾನ ಶಿಕ್ಷಕಿ, ಧಾರವಾಡ

ಉತ್ತರ: ಸಸ್ಯಜನ್ಯ ಎಂಬುದು ನಿಜವಿರಬಹುದು. ಆದರೆ ಅದು ನಿಮ್ಮ ಪ್ರಶ್ನೆಯ ಅರ್ಧಕ್ಕಷ್ಟೇ ಉತ್ತರ. ಸಸ್ಯಜನ್ಯ ರೆಸಿನ್ ಹೊಸದೂ ಅಲ್ಲ. ನಿಮ್ಮ ಶಾಲೆಯ ಗೇಟಿಗೆ ಬಳಿದ ಎನಾಮೆಲ್ ಬಹುಶಃ ಆಲ್ಕಿಡ್ ರೆಸಿನ್‌ನದು. 1920ರ ದಶಕದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ರಸಾಯನಶಾಸ್ತ್ರಜ್ಞ ರಾಯ್ ಕೀನ್ಲ್, ಆಲ್ಕೊಹಾಲ್ ಮತ್ತು ಆಸಿಡ್ ಪದಗಳನ್ನು ಬೆಸೆದು ಆ ಹೆಸರಿಟ್ಟರು. ಎಣ್ಣೆಯನ್ನು ಗ್ಲಿಸರಿನ್ ಅಥವಾ ಪೆಂಟಾಎರಿಥ್ರಿಟಾಲ್ ಎಂಬ ಆಲ್ಕೊಹಾಲ್ ಜೊತೆ ಸುಮಾರು 240 ಡಿಗ್ರಿಯಲ್ಲಿ ಬೇಯಿಸಿ, ನಂತರ ಆಮ್ಲದ ಪಾಲಿಗೆ ಥ್ಯಾಲಿಕ್ ಅನ್‌ಹೈಡ್ರೈಡ್ ಸೇರಿಸುತ್ತಾರೆ. ಮೊದಲ ಹಂತ ಮುಗಿಯಿತೇ ಎಂದು ತಿಳಿಯಲು ಒಂದು ಹನಿಯನ್ನು ಮೆಥನಾಲ್‌ಗೆ ಬಿಟ್ಟು ನೋಡುವುದು ರೂಢಿ. ತಿಳಿಯಾಗಿದ್ದರೆ ಮುಂದೆ, ಕದಡಿದರೆ ಇನ್ನಷ್ಟು ಕಾಯಬೇಕು. ರೆಸಿನ್ ತಯಾರಿಕೆಯ ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ಕೊನೆಯ ಹಂತದಲ್ಲಿ ಸ್ವಲ್ಪ ಹೆಚ್ಚೇ ಕಾದೆ. ಕೆಟಲ್ (ರೆಸಿನ್ ಬೇಯಿಸುವ ದೊಡ್ಡ ಪಾತ್ರೆ) ತುಂಬ ರೆಸಿನ್ ರಬ್ಬರಿನ ಮುದ್ದೆಯಾಗಿ ಕುಳಿತಿತು. ಇಬ್ಬರು ಕೆಲಸಗಾರರು ಉಳಿ ಸುತ್ತಿಗೆ ಹಿಡಿದು ಎರಡು ದಿನ ಕೆತ್ತಿ ತೆಗೆದರು. ಇಂದಿಗೂ ಆ ಇಬ್ಬರನ್ನು ನೆನೆದರೆ ನಾಚಿಕೆಯಾಗುತ್ತದೆ.

ಮರ, ಕಬ್ಬಿಣಕ್ಕೆ ಬಳಿಯುವ ಆಲ್ಕಿಡ್‌ಗಳಲ್ಲಿ ಅನೇಕ ಸಲ ಎಣ್ಣೆಯ ಪಾಲು ಅರ್ಧಕ್ಕಿಂತ ಹೆಚ್ಚು. ಆದರೂ ಆ ಡಬ್ಬಿಯನ್ನು ಯಾರೂ ಪರಿಸರಸ್ನೇಹಿ ಎನ್ನುವುದಿಲ್ಲ. ಅದನ್ನು ತೆಳ್ಳಗೆ ಮಾಡುವ ಪೆಟ್ರೋಲಿಯಂ ದ್ರಾವಕವೆಲ್ಲ ಕೊನೆಗೆ ಗಾಳಿಗೆ ಸೇರುತ್ತದೆ. ಬೇಗ ಒಣಗಲು ಹಾಕುವ ಕೋಬಾಲ್ಟ್ ಲವಣದ ವಿಷಗುಣದ ಬಗ್ಗೆ ಆತಂಕವಿದ್ದು, ಮ್ಯಾಂಗನೀಸ್, ಕಬ್ಬಿಣದ ಲವಣಗಳನ್ನು ಬದಲಿಗೆ ತರುತ್ತಿದ್ದಾರೆ. ಹಿಂದೆ ಸೀಸವೂ ಇತ್ತು. ಈಗ ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಕ್ಕೆ ಸೀಸದ ಮಿತಿ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಇದೆ, 2017ರ ನವೆಂಬರ್ 1ರಿಂದ. ಅಂದರೆ ಬಣ್ಣ ಹಸಿರೋ ಅಲ್ಲವೋ ಎಂಬುದು ಎಣ್ಣೆಗಿಂತ ಹೆಚ್ಚಾಗಿ ಅದಕ್ಕೆ ಏನು ಬೆರೆಸಿದ್ದಾರೆ ಎಂಬುದರ ಮೇಲೆ ನಿಂತಿದೆ.

ನಿಮ್ಮ ಮಾರಾಟಗಾರರ ಲೇಪನ ಹರಳೆಣ್ಣೆಯದ್ದೇ ಇರಬೇಕೆಂದು ನನ್ನ ಊಹೆ. ಹರಳೆಣ್ಣೆಯಲ್ಲಿ ಶೇ 85ಕ್ಕೂ ಹೆಚ್ಚು ರಿಸಿನೋಲಿಕ್ ಆಮ್ಲ. ಅದರ ಹನ್ನೆರಡನೆಯ ಇಂಗಾಲದಲ್ಲಿ ಹೈಡ್ರಾಕ್ಸಿಲ್ ಗುಂಪು (ಆಮ್ಲಜನಕ–ಹೈಡ್ರೊಜನ್ ಜೋಡಿ) ಹುಟ್ಟಿನಿಂದಲೇ ಇದೆ. ಪ್ರಕೃತಿಯೇ ಕೊಂಡಿ ಇಟ್ಟುಕೊಟ್ಟಿರುವಾಗ ಎಣ್ಣೆಯನ್ನು ಮಾರ್ಪಡಿಸುವ ಖರ್ಚು ಉಳಿಯುತ್ತದೆ. ಆದರೆ ಪಾಲಿಯುರೆಥೇನ್ ಆಗಲು ಅದಕ್ಕೆ ಎರಡನೆಯ ಡಬ್ಬಿಯಲ್ಲಿ ಬರುವ ಐಸೋಸಯನೇಟ್ ಎಂಬ ಗಟ್ಟಿಗೊಳಿಸುವ ರಾಸಾಯನಿಕ ಬೇಕು. ಅದು ಪೆಟ್ರೋಲಿಯಂ ಮೂಲದ್ದು, ಉಸಿರಿಗೆ ಸೇರಿದರೆ ಅಸ್ತಮಾ ತರಬಲ್ಲದು. ನೆಲ ಪೂರ್ತಿ ಗಟ್ಟಿಯಾದ ಮೇಲೆ ಮಕ್ಕಳಿಗೆ ಭಯವಿಲ್ಲ; ಅಪಾಯವಿರುವುದು ಹಚ್ಚುವವರಿಗೆ ಮತ್ತು ಹಚ್ಚುವ ದಿನಗಳಲ್ಲಿ ಹತ್ತಿರವಿರುವವರಿಗೆ. ಈ ಕೆಲಸವನ್ನು ಬೇಸಿಗೆ ರಜೆಯಲ್ಲೇ ಮಾಡಿಸಿ.

ಬೇರೆ ದಾರಿಗಳೂ ಇವೆ. ಅಗಸೆ ಎಣ್ಣೆಗೆ ಮ್ಯಾಲಿಕ್ ಅನ್‌ಹೈಡ್ರೈಡ್ ಸೇರಿಸಿ ಕಾಯಿಸಿ, ಅಮೋನಿಯಾ ಅಥವಾ ಅಮೈನ್‌ನಿಂದ ತಟಸ್ಥಗೊಳಿಸಿದರೆ ಅದು ನೀರಿನಲ್ಲಿ ಬೆರೆಯುತ್ತದೆ; ದ್ರಾವಕದ ಹಂಗು ಬಹುಮಟ್ಟಿಗೆ ತಪ್ಪುತ್ತದೆ. ನನಗೆ ಬಹಳ ಇಷ್ಟವಾದ ದಾರಿ ಇದು, ಒಣಗುವುದು ನಿಧಾನ ಎಂಬ ಕೊರತೆ ಇದ್ದರೂ. ಎಪಾಕ್ಸಿ ಮಾಡಿದ ಸೋಯಾ ಎಣ್ಣೆಗೆ ಅಕ್ರಿಲಿಕ್ ಆಮ್ಲ ಜೋಡಿಸಿದರೆ ನೇರಳಾತೀತ ಬೆಳಕಿನಲ್ಲಿ ಸೆಕೆಂಡುಗಳಲ್ಲಿ ಗಟ್ಟಿಯಾಗುವ ರೆಸಿನ್ ಸಿಗುತ್ತದೆ. ಮುದ್ರಣದ ಶಾಯಿ, ಮರದ ಹಲಗೆಗಳ ಕಾರ್ಖಾನೆಗಳಿಗೆ ಅದು ಒಗ್ಗುತ್ತದೆ, ಶಾಲೆಯ ನೆಲಕ್ಕಲ್ಲ. ಎಪಾಕ್ಸಿ ಎಣ್ಣೆಗೆ ಇಂಗಾಲದ ಡೈಆಕ್ಸೈಡ್ ಕೂಡಿಸಿ, ಅಮೈನ್‌ನಿಂದ ಬೆಸೆದು, ಐಸೋಸಯನೇಟ್ ಇಲ್ಲದೆಯೇ ಯುರೆಥೇನ್ ಮಾಡುವ ವಿಧಾನವೂ ಇದೆ. ಅದರಲ್ಲಿ ಕ್ರಿಯೆ ನಿಧಾನ.

ಮಾರಾಟಗಾರರಿಗೆ ಮೂರೇ ಮಾತು ಕೇಳಿ: ಲೀಟರಿಗೆ ಎಷ್ಟು ಗ್ರಾಂ ದ್ರಾವಕ ಗಾಳಿಗೆ ಹೋಗುತ್ತದೆ, ಗಟ್ಟಿಗೊಳಿಸುವ ಎರಡನೆಯ ಡಬ್ಬಿಯಲ್ಲಿ ಏನಿದೆ, ಸಸ್ಯಜನ್ಯ ಪಾಲನ್ನು ಹೇಗೆ ಅಳೆದಿದ್ದಾರೆ. ಅಳೆಯಲು ಇಂಗಾಲದ ವಿಕಿರಣಶೀಲ ರೂಪವಾದ ಇಂಗಾಲ-14ರ ಪರೀಕ್ಷೆ ಇದೆ. ಪೆಟ್ರೋಲಿಯಂನ ಇಂಗಾಲ ಕೋಟ್ಯಂತರ ವರ್ಷ ಹಳೆಯದಾದ್ದರಿಂದ ಅದರಲ್ಲಿ ಆ ಐಸೊಟೋಪು ಉಳಿದಿರುವುದಿಲ್ಲ, ನಿನ್ನೆಯ ಬೆಳೆಯಲ್ಲಿ ಇರುತ್ತದೆ. ಇದು ಇಂಗಾಲದ ಊರು ಹೇಳುತ್ತದೆ, ಗುಣ ಹೇಳುವುದಿಲ್ಲ. ಎರಡನೆಯ ಪ್ರಶ್ನೆಗೆ ಅವರು ತಡವರಿಸಿದರೆ ಬೇರೆ ಅಂಗಡಿ ನೋಡಿ.

ಪ್ರಶ್ನೆ: ಗೇರುಬೀಜದ ಸಿಪ್ಪೆಯ ಎಣ್ಣೆಯೂ ಬಣ್ಣಕ್ಕೆ ಆಗುತ್ತದಂತೆ, ನಿಜವೇ?
– ಪುತ್ತೂರು

ಉತ್ತರ: ನಿಜ, ಮತ್ತು ಅದು ನಮ್ಮ ಕರಾವಳಿಗೆ ದೊಡ್ಡ ಅವಕಾಶ. ಅದು ಅಡುಗೆ ಎಣ್ಣೆಯ ಜಾತಿಗೆ ಸೇರಿದ್ದಲ್ಲ. ಸಿಪ್ಪೆಯಲ್ಲಿರುವ ಅನಕಾರ್ಡಿಕ್ ಆಮ್ಲ ಕಾಯಿಸಿದಾಗ ಕಾರ್ಡನಾಲ್ ಆಗುತ್ತದೆ: ಒಂದು ಫೀನಾಲ್ ಉಂಗುರ, ಅದಕ್ಕೆ ಹದಿನೈದು ಇಂಗಾಲಗಳ ಉದ್ದನೆಯ ಬಾಲ. ಉಂಗುರದಿಂದ ಗಟ್ಟಿತನ, ಬಾಲದಿಂದ ಬಾಗುವ ಗುಣ ಮತ್ತು ನೀರಿಗೆ ತಡೆ. ಕಾರ್ಡನಾಲ್‌ನಿಂದ ಮಾಡುವ ಫೆನಲ್ಕಮೈನ್‌ಗಳು ಎಪಾಕ್ಸಿ ಬಣ್ಣವನ್ನು ಚಳಿಯಲ್ಲೂ ತೇವದಲ್ಲೂ ಗಟ್ಟಿಗೊಳಿಸುತ್ತವೆ. ಹಡಗಿನ ಬಣ್ಣಗಳಲ್ಲಿ ಅವಕ್ಕೆ ಬೇಡಿಕೆ ಇರುವುದು ಅದಕ್ಕೇ. ತಿನ್ನುವ ವಸ್ತುವನ್ನು ಬಣ್ಣಕ್ಕೆ ಸುರಿದೆವೆಂಬ ಪಾಪವೂ ಇಲ್ಲಿಲ್ಲ. ಬೀಜ ಬಿಡಿಸುವ ಹೆಂಗಸರ ಕೈ ಸುಟ್ಟು ಕಪ್ಪಾಗಿಸುವುದೂ ಇದೇ ದ್ರವ. ಅವರಿಗೆ ಒಳ್ಳೆಯ ಕೈಗವಸು ಕೊಡದ ಕಾರ್ಖಾನೆ ತನ್ನ ಎಣ್ಣೆಯನ್ನು ಹಸಿರು ಎಂದು ಮಾರಿದರೆ ನಾನಂತೂ ಒಪ್ಪುವುದಿಲ್ಲ.

ಪ್ರಶ್ನೆ: ಅಗಸೆ ಎಣ್ಣೆ ಒರೆಸಿದ ಬಟ್ಟೆಗಳ ರಾಶಿಯಿಂದ ಮಧ್ಯಾಹ್ನ ಹೊಗೆ ಬಂತು. ಬೀಡಿ ಸೇದುವವರು ಯಾರೂ ಇರಲಿಲ್ಲ. ಹೀಗೂ ಆಗುತ್ತದೆಯೇ?
– ಬಡಗಿಯೊಬ್ಬರು, ಶಿರಸಿ

ಉತ್ತರ: ಆಗುತ್ತದೆ, ಮತ್ತು ಹೊಗೆಯಲ್ಲೇ ಮುಗಿದದ್ದು ನಿಮ್ಮ ಪುಣ್ಯ. ಎಣ್ಣೆ ಆಮ್ಲಜನಕ ಹೀರುವಾಗ ಬಿಸಿ ಹುಟ್ಟುತ್ತದೆ. ಬಾಗಿಲಿನ ಮೇಲೆ ಆ ಬಿಸಿ ಗಾಳಿಗೆ ಹೋಗುತ್ತದೆ. ಮುದುರಿದ ಬಟ್ಟೆಯಲ್ಲಿ ಎಣ್ಣೆ ಹರಡಿರುವ ಮೇಲ್ಮೈ ಹೆಚ್ಚು, ಬಿಸಿಗೆ ಹೊರಬರುವ ದಾರಿ ಕಡಿಮೆ. ಕಾವು ಏರಿದಷ್ಟೂ ಕ್ರಿಯೆ ಚುರುಕಾಗಿ ಕೊನೆಗೆ ಬಟ್ಟೆಯೇ ಹೊತ್ತಿಕೊಳ್ಳುತ್ತದೆ. ಇನ್ನು ಮುಂದೆ ಕೆಲಸ ಮುಗಿದ ಕೂಡಲೇ ಬಟ್ಟೆಯನ್ನು ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಿಡಿ, ಇಲ್ಲವೇ ಒಂದೊಂದಾಗಿ ಹೊರಗೆ ತಂತಿಯ ಮೇಲೆ ಬಿಡಿಸಿ ಹರವಿ. ಕಡ್ಡಿಯಂತೆ ಬಿರುಸಾದ ಮೇಲಷ್ಟೇ ಕಸಕ್ಕೆ ಹಾಕಿ. ಮರದ ಹೊಟ್ಟಿನ ರಾಶಿಯ ಮೇಲೆ ಮಾತ್ರ ಎಂದೂ ಎಸೆಯಬೇಡಿ.