ಡಬ್ಲಿನ್ ಮ್ಯೂಸಿಯಮ್ಮಿನ ದೈತ್ಯ ಜಿಂಕೆ ಯಾರ ಸಂಬಂಧಿ?

ಪ್ರಶ್ನೆ: ಸರ್, ನಾನು ಡಬ್ಲಿನ್‌ನಲ್ಲಿ ಕೆಲಸದಲ್ಲಿದೀನಿ. ಇಲ್ಲಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ಐರಿಶ್ ಎಲ್ಕ್ ಅನ್ನೋ ದೈತ್ಯ ಜಿಂಕೆಯ ಅಸ್ಥಿಪಂಜರ ನೋಡಿದ್ದೆ. ಅದು ಮೂಸ್ (ಉತ್ತರದ ಚಳಿ ನಾಡುಗಳ ಭಾರೀ ಜಿಂಕೆ) ಜಾತೀದಾ? ನಮ್ಮ ಕಡವೆಗೂ ಅದಕ್ಕೂ ಏನಾದ್ರೂ ನಂಟಿದೆಯಾ? ಕೊಂಬಿನ ಭಾರಕ್ಕೇ ಅಳಿದುಹೋಯ್ತು ಅಂತಾರಲ್ಲ, ನಿಜಾನಾ?

ಉತ್ತರ: ಮೂಸ್ ಅಲ್ಲ. ಆದ್ರೆ ಹಾಗೆ ಅನ್ಸಿದ್ದು ನಿಮಗೊಬ್ರಿಗೇ ಅಲ್ಲ ಬಿಡಿ, 1697ರಲ್ಲಿ ಥಾಮಸ್ ಮೊಲಿನೊ ಅನ್ನೋ ಡಬ್ಲಿನ್ ಡಾಕ್ಟರೂ ಇದು ಅಮೆರಿಕದ ಮೂಸೇ ಅಂತ ಬರೆದಿದ್ರು, ಯಾಕಂದ್ರೆ ಒಂದು ಪ್ರಾಣಿ ಭೂಮಿ ಮೇಲಿಂದ ಪೂರ್ತಿ ಇಲ್ಲವಾಗತ್ತೆ ಅನ್ನೋದನ್ನ ಆಗ ಒಪ್ಪೋಕೇ ಆಗ್ತಿರ್ಲಿಲ್ಲ. ಇದು ಅಳಿದೇ ಹೋಗಿರೋ ಪ್ರಾಣಿ ಅಂತ ಆಮೇಲೆ ತೋರಿಸಿಕೊಟ್ಟಿದ್ದು ಫ್ರಾನ್ಸಿನ ಪ್ರಾಣಿವಿಜ್ಞಾನಿ ಕುವಿಯೆ.

2005ರಲ್ಲಿ ಹಳೇ ಮೂಳೆಯ ಡಿಎನ್‌ಎ ನೋಡಿದಾಗ, ಈಗ ಬದುಕಿರೋ ಜಿಂಕೆಗಳಲ್ಲಿ ಇದಕ್ಕೆ ತೀರಾ ಹತ್ತಿರದ್ದು ಫ್ಯಾಲೋ ಡಿಯರ್ ಅಂತ ಗೊತ್ತಾಯ್ತು. ನಿಮ್ಮೂರಿನ ಫೀನಿಕ್ಸ್ ಪಾರ್ಕಲ್ಲಿ ಮೇಯ್ತಾ ಇರ್ತಾವಲ್ಲ, ಅವೇ! ದೈತ್ಯನ ಭುಜದೆತ್ತರ 2 ಮೀಟರ್ ದಾಟ್ತಿತ್ತು, ಫ್ಯಾಲೋ ಡಿಯರ್ 1 ಮೀಟರೂ ಬರಲ್ಲ, ಆದ್ರೂ ಗಂಡಿನ ಕೊಂಬು ನೋಡಿ, ಅದೇ ತರ ಚಪ್ಪಟೆಯಾಗಿ ಅಗಲ ಆಗಿರತ್ತೆ. ಇನ್ನೊಂದು ಮಜಾ ಏನಂದ್ರೆ ಜಿಂಕೆ ಕುಟುಂಬದಲ್ಲಿ ಎರಡು ದೊಡ್ಡ ಕವಲು, ಮೂಸ್ ಒಂದರಲ್ಲಿ, ದೈತ್ಯ ಇನ್ನೊಂದರಲ್ಲಿ, ನಮ್ಮ ಕಡವೆ ಮತ್ತು ಚುಕ್ಕೆ ಜಿಂಕೆ ಇರೋದೂ ದೈತ್ಯನ ಕವಲಲ್ಲೇ. ಅಂದ್ರೆ ಬಂಡೀಪುರದ ಕಡವೆ ಮೂಸ್‌ಗಿಂತ ಇದಕ್ಕೆ ಹತ್ತಿರ.

ಇನ್ನು ಕೊಂಬು. 3.5 ಮೀಟರ್ ಅಗಲ, ಸುಮಾರು 40 ಕೆಜಿ ತೂಗ್ತಿತ್ತು, ನಿಜ. ಆದ್ರೆ ಆ ಕೊಂಬು ಹೊತ್ಕೊಂಡೇ ಲಕ್ಷಾಂತರ ವರ್ಷ ಆರಾಮಾಗಿ ಬಾಳಿದಾವೆ, ಹಾಗಾಗಿ ಬರೀ ಭಾರದ ಕಥೆ ನಂಗೆ ಒಪ್ಪಿಗೆ ಆಗಲ್ಲ. ಕಷ್ಟ ಇದ್ದಿದ್ದು ಹೊರೋದ್ರಲ್ಲಿ ಅಲ್ಲ, ಬೆಳೆಸೋದ್ರಲ್ಲಿ. ಹಸುವಿನ ಕೊಂಬಲ್ಲ ಇದು, ಮೂಳೆ, ಪ್ರತಿ ವರ್ಷ ಉದುರಿ ಕೆಲವೇ ತಿಂಗಳಲ್ಲಿ ಹೊಸದಾಗಿ ಬೆಳೀಬೇಕು, ಅದಕ್ಕೆ ಬೇಕಾದ ಕ್ಯಾಲ್ಸಿಯಂನ ಮೈಯ ಮೂಳೆಗಳಿಂದಲೇ ಸಾಲ ತಗೊಂಡು ಆಮೇಲೆ ಮೇದು ತೀರಿಸ್ಬೇಕು. ಸುಮಾರು 12,900 ವರ್ಷದ ಹಿಂದೆ ಮತ್ತೆ ಚಳಿ ಜೋರಾಗಿ ಮೇವಿನ ಕಾಲ ಚಿಕ್ಕದಾಯ್ತು, ಐರ್ಲೆಂಡಲ್ಲಿ ಇದರ ಕಥೆ ಮುಗೀತು. ಆದ್ರೆ ಇದು ಬರೀ ಅಲ್ಲಿನ ಪ್ರಾಣಿ ಅಲ್ವಲ್ಲ, ಪಶ್ಚಿಮ ಸೈಬೀರಿಯಾದಲ್ಲಿ 7,700 ವರ್ಷದ ಹಿಂದಿನವರೆಗೂ ಇತ್ತು. ಅಲ್ಲಿ ಮನುಷ್ಯರ ಬೇಟೆ ಎಷ್ಟು, ಹವಾಮಾನ ಎಷ್ಟು ಅನ್ನೋ ಜಗಳ ಇನ್ನೂ ನಡೀತಿದೆ.

ಅಂದಹಾಗೆ ಬರೀ ಮೂಳೆ ನೋಡಿದ್ರೆ ಗೊತ್ತಾಗದ ಒಂದು ವಿಷಯ, ಇದಕ್ಕೆ ನಮ್ಮ ಎತ್ತುಗಳ ಹಾಗೆ ಹೆಗಲ ಮೇಲೆ ಡುಬ್ಬ ಇತ್ತು. ಫ್ರಾನ್ಸಿನ ಕುನ್ಯಾಕ್ ಗುಹೆಯಲ್ಲಿ ಆ ಕಾಲದವರು ಡುಬ್ಬ ಸಮೇತ ಇದರ ಚಿತ್ರ ಬರೆದಿಟ್ಟಿದಾರೆ.