ಓದುಗರ ಪ್ರಶ್ನೆ: ಉದ್ಯಾನದ ಮೇಲೆ ಹಾರಲು ಅಪ್ಪಣೆ ಕೊಡುವವರು ಯಾರು?

ಕಳೆದ ಸಂಚಿಕೆಯಲ್ಲಿ ಅಮೆರಿಕ ಪ್ರವಾಸದ ಪ್ರಶ್ನೆಯೊಂದಕ್ಕೆ ಉತ್ತರಿಸುವಾಗ, ಅಲ್ಲಿನ ರಾಷ್ಟ್ರೀಯ ಉದ್ಯಾನಗಳ ಮೇಲಿನ ಹೆಲಿಕಾಪ್ಟರ್ ವಿಹಾರಕ್ಕೆ ಕಾನೂನಿನ ಕಟ್ಟುಪಾಡುಗಳಿವೆ ಎಂದು ಒಂದು ಸಾಲು ಬರೆದಿದ್ದೆ. ಆ ಒಂದು ಸಾಲನ್ನು ಹಿಡಿದು ಬಂದ ಪ್ರಶ್ನೆಗಳೇ ಈ ಬಾರಿಯ ಅಂಕಣವನ್ನು ತುಂಬಿವೆ.

ಪ್ರಶ್ನೆ: ಫೀನಿಕ್ಸ್‌ನಲ್ಲಿರುವ ಮಗನ ಮನೆಗೆ ಹೋಗಿದ್ದಾಗ ನಾವು ದಂಪತಿ ಹೆಲಿಕಾಪ್ಟರ್ ಹತ್ತಿ ಗ್ರ್ಯಾಂಡ್ ಕ್ಯಾನ್ಯನ್ ನೋಡಿದೆವು. ಮರುದಿನ ಕಣಿವೆಯ ಅಂಚಿನಲ್ಲಿ ನಡೆಯುತ್ತಿರುವಾಗ ತಲೆಯ ಮೇಲೆ ಅದೇ ಸದ್ದು ಕೇಳಿ, ನಿನ್ನೆ ಈ ಸದ್ದು ಮಾಡಿದವರು ನಾವೇ ಅಲ್ಲವೇ ಎನ್ನಿಸಿತು. ಇದಕ್ಕೆ ಮಿತಿ ಹಾಕುವವರು ಯಾರು?
— ನಿವೃತ್ತ ಶಿಕ್ಷಕಿ, ಮೈಸೂರು

ಉತ್ತರ: ಒಬ್ಬರಲ್ಲ, ಇಬ್ಬರು, ತೊಡಕು ಇರುವುದೂ ಅಲ್ಲಿಯೇ. ಉದ್ಯಾನದ ನೆಲ, ನೀರು, ಪ್ರಾಣಿಗಳನ್ನು ನೋಡಿಕೊಳ್ಳುವುದು ರಾಷ್ಟ್ರೀಯ ಉದ್ಯಾನ ಸೇವೆ. ಅದೇ ಉದ್ಯಾನದ ಮೇಲಿನ ಆಕಾಶ ಫೆಡರಲ್ ವಿಮಾನಯಾನ ಆಡಳಿತದ, ಅಂದರೆ ಎಫ್‌ಎಎಯ ಅಧೀನದಲ್ಲಿದೆ. ಮೊದಲನೆಯ ಇಲಾಖೆಗೆ ಇದ್ದುದನ್ನು ಇದ್ದಂತೆ ಉಳಿಸುವ ಹೊಣೆ. ಎರಡನೆಯದಕ್ಕೆ ವಿಮಾನಗಳು ಒಂದಕ್ಕೊಂದು ಡಿಕ್ಕಿಯಾಗದಂತೆ ಹಾರಿಸುವ ಹೊಣೆ. ಮೌನವನ್ನು ಕಾಯುವ ಕೆಲಸ ಬಹಳ ಕಾಲ ಎರಡನೆಯ ಇಲಾಖೆಯ ಕಡತದಲ್ಲಿ ಇರಲೇ ಇಲ್ಲ.

ಅದು ಕಡತಕ್ಕೆ ಬಂದದ್ದು ಒಂದು ದುರಂತದ ನಂತರ. 1986ರ ಜೂನ್ 18ರಂದು ಗ್ರ್ಯಾಂಡ್ ಕ್ಯಾನ್ಯನ್ ಮೇಲೆ ಪ್ರವಾಸಿಗರನ್ನು ಹೊತ್ತ ಒಂದು ಟ್ವಿನ್ ಆಟರ್ ವಿಮಾನವೂ ಒಂದು ಹೆಲಿಕಾಪ್ಟರೂ ಡಿಕ್ಕಿಯಾಗಿ, ಎರಡರಲ್ಲೂ ಇದ್ದ 25 ಮಂದಿ ಸತ್ತರು. ಮರುವರ್ಷವೇ ಅಮೆರಿಕದ ಸಂಸತ್ತು ಕಾನೂನು ಮಾಡಿತು. ಉದ್ಯಾನದೊಳಗೆ ಕಣಿವೆಯ ಅಂಚಿಗಿಂತ ಕೆಳಗೆ ಇಳಿದು ಹಾರುವುದು ನಿಂತಿತು. ಹಾರುವ ಓಣಿಗಳನ್ನೂ ಹಾರಲೇಬಾರದ ವಲಯಗಳನ್ನೂ ನಕ್ಷೆಯಲ್ಲಿ ಗುರುತಿಸಲಾಯಿತು. ಅದೇ ಕಾನೂನಿನಲ್ಲಿ, ಉದ್ಯಾನದ ಸಹಜ ನಿಶ್ಶಬ್ದವನ್ನು ಗಣನೀಯವಾಗಿ ಮರಳಿ ತರಬೇಕು ಎಂಬ ಮಾತೂ ಸೇರಿತು. ಅಪಘಾತವನ್ನು ತಡೆಯಲು ಹೊರಟ ಕಾನೂನಿಗೆ ಈ ಸಾಲು ಸೇರಿದ್ದು ಒಳ್ಳೆಯದೇ ಆಯಿತು. ಆದರೆ ‘ಗಣನೀಯ’ ಎಂದರೆ ಎಷ್ಟು ಎಂಬುದನ್ನು ಯಾರಾದರೂ ಹೇಳಬೇಕಿತ್ತಲ್ಲ! ಉದ್ಯಾನ ಸೇವೆಯು 1994ರಲ್ಲಿ ಲೆಕ್ಕ ಕೊಟ್ಟಿತು: ಉದ್ಯಾನದ ಕನಿಷ್ಠ ಅರ್ಧ ಭಾಗದಲ್ಲಿ, ದಿನದ ಮುಕ್ಕಾಲು ಪಾಲು ಅಥವಾ ಅದಕ್ಕೂ ಹೆಚ್ಚು ಹೊತ್ತು, ವಿಮಾನದ ಸದ್ದು ಕಿವಿಗೆ ಬೀಳಬಾರದು.

‘ದಿನ’ ಎಂದರೆ ಯಾವ ದಿನ ಎಂಬುದೂ ವ್ಯಾಜ್ಯವಾಯಿತು. ಎಫ್‌ಎಎ ಇಡೀ ವರ್ಷದ ಸರಾಸರಿ ದಿನವನ್ನು ಹಿಡಿದಿತ್ತು. ಮಳೆಗಾಲದ ಆಗುಂಬೆಯನ್ನೂ ಬೇಸಿಗೆಯ ಆಗುಂಬೆಯನ್ನೂ ಕೂಡಿಸಿ ದಿನದ ಸರಾಸರಿ ಮಳೆ ಇಷ್ಟು ಎಂದರೆ, ಜುಲೈನಲ್ಲಿ ಕೊಡೆಯಿಲ್ಲದೆ ಅಲ್ಲಿ ನಿಂತವನಿಗೆ ಅದರಿಂದ ಏನಾಗಬೇಕು? ಜನವರಿಯ ನಿಶ್ಶಬ್ದವನ್ನು ಜುಲೈನ ಯಾತ್ರಿಕನ ಖಾತೆಗೆ ಜಮಾ ಮಾಡಲಾಗದು ಎಂಬ ಅರ್ಥದಲ್ಲಿಯೇ 2002ರಲ್ಲಿ ವಾಷಿಂಗ್ಟನ್‌ನ ಫೆಡರಲ್ ಮೇಲ್ಮನವಿ ನ್ಯಾಯಾಲಯವು ಎಫ್‌ಎಎಯ ಲೆಕ್ಕವನ್ನು ತಳ್ಳಿಹಾಕಿತು.

ಇದು ಗ್ರ್ಯಾಂಡ್ ಕ್ಯಾನ್ಯನ್ ಒಂದರ ಕಥೆ. ಉಳಿದ ಉದ್ಯಾನಗಳಿಗಾಗಿ 2000ದ ಏಪ್ರಿಲ್‌ನಲ್ಲಿ ಬೇರೆಯೇ ಕಾನೂನು ಬಂದಿತು. ಉದ್ಯಾನದ ಮೇಲೆ ಅಥವಾ ಅದರ ಗಡಿಯಿಂದ ಅರ್ಧ ಮೈಲಿಯೊಳಗೆ, ನೆಲದಿಂದ 5,000 ಅಡಿಗಿಂತ ಕೆಳಗೆ ಹಣ ಪಡೆದು ಜನರನ್ನು ಸುತ್ತಾಡಿಸುವ ಹಾರಾಟಗಳಿಗೆ, ಎರಡೂ ಇಲಾಖೆಗಳು ಸೇರಿ ಒಂದೊಂದು ಉದ್ಯಾನಕ್ಕೂ ಪ್ರತ್ಯೇಕ ಯೋಜನೆ ಮಾಡಬೇಕು ಎಂದು ಅದು ವಿಧಿಸಿತು. ರಾಕಿ ಮೌಂಟನ್ ಉದ್ಯಾನದಲ್ಲಿ ಇಂಥ ಹಾರಾಟಕ್ಕೆ ಅವಕಾಶವನ್ನೇ ಕೊಡಲಿಲ್ಲ; ಅಲಾಸ್ಕವನ್ನು ಕಾನೂನಿನಿಂದಲೇ ಹೊರಗಿಟ್ಟರು. ಯೋಜನೆ ಸಿದ್ಧವಾಗುವವರೆಗೆ, ಆಗಲೇ ಹಾರುತ್ತಿದ್ದ ಕಂಪನಿಗಳಿಗೆ ಅವರ ಹಿಂದಿನ ವರ್ಷಗಳ ಹಾರಾಟದ ಸಂಖ್ಯೆಯಷ್ಟೇ ‘ತಾತ್ಕಾಲಿಕ’ ಪರವಾನಗಿಯನ್ನು ಕೊಟ್ಟರು. ತಾತ್ಕಾಲಿಕ ಎಂಬ ಪದಕ್ಕೆ ಸರ್ಕಾರಿ ಕಚೇರಿಯಲ್ಲಿ ಎಷ್ಟು ದೀರ್ಘ ಆಯುಷ್ಯವಿದೆ ಎಂಬುದನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಹತ್ತೊಂಬತ್ತು ವರ್ಷ ಕಳೆದರೂ ಒಂದೇ ಒಂದು ಯೋಜನೆಯೂ ಮುಗಿದಿರಲಿಲ್ಲ. ಕೊನೆಗೆ ನಾಗರಿಕ ಸಂಘಟನೆಗಳು ಕೋರ್ಟಿಗೆ ಹೋದವು. 2020ರ ಮೇ 1ರಂದು ಅದೇ ಮೇಲ್ಮನವಿ ನ್ಯಾಯಾಲಯವು ರಿಟ್ ಹೊರಡಿಸಿ, ಬಾಕಿ ಉಳಿದ 23 ಉದ್ಯಾನಗಳ ಕೆಲಸವನ್ನು ಮುಗಿಸಲು ವೇಳಾಪಟ್ಟಿಯನ್ನು ಒಪ್ಪಿಸಿರಿ ಎಂದಿತು.

ಆಮೇಲೆ ಬಂದ ಅಂಕಿಗಳನ್ನು ನೋಡಿದರೆ ತಡಮಾಡಿದ್ದಕ್ಕೆ ಕಾರಣವೂ ಹೊಳೆಯುತ್ತದೆ. ಹವಾಯಿಯ ಜ್ವಾಲಾಮುಖಿ ಉದ್ಯಾನದ ಮೇಲೆ ವರ್ಷಕ್ಕೆ ಸರಾಸರಿ 11,376 ಹಾರಾಟಗಳು ನಡೆಯುತ್ತಿದ್ದವು. ಹೊಸ ಯೋಜನೆ ಅದನ್ನು 1,565ಕ್ಕೆ ಇಳಿಸಿತು. ಹವಾಯಿಯದೇ ಇನ್ನೊಂದು ಉದ್ಯಾನವಾದ ಹಲೇಆಕಲಾದಲ್ಲಿ 4,824 ಇದ್ದದ್ದು ಅರ್ಧಕ್ಕೆ ಅರ್ಧ, 2,412 ಆಯಿತು. ಹಲೇಆಕಲಾದ ಜ್ವಾಲಾಮುಖಿ ಕುಂಡದೊಳಗೆ ಇಳಿದವರು, ಅಲ್ಲಿ ತಮ್ಮ ಉಸಿರಾಟವೇ ತಮಗೆ ಜೋರಾಗಿ ಕೇಳುತ್ತದೆ ಎನ್ನುತ್ತಾರೆ. ಅಂಥ ಕಡೆ ಒಂದು ಹೆಲಿಕಾಪ್ಟರ್ ಬಂದು ಹೋದರೆ ಅದು ಬರುವ ಮೊದಲೂ ಹೋದ ನಂತರವೂ ಬಹಳ ಹೊತ್ತು ಕೇಳುತ್ತಲೇ ಇರುತ್ತದೆ. ಹಾಗಾಗಿ ಹಾರಾಟಗಳ ಸಂಖ್ಯೆಗಿಂತ ಯಾವ ಹೊತ್ತಿನಲ್ಲಿ, ಯಾವ ದಾರಿಯಲ್ಲಿ, ಎಷ್ಟು ಎತ್ತರದಲ್ಲಿ ಎಂಬುದೇ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ.

ಪ್ರಶ್ನೆ: ನೆಲ ನನ್ನದಾದರೆ ಅದರ ಮೇಲಿನ ಆಕಾಶವೂ ನನ್ನದೇ ಎಂಬುದು ಹಳೆಯ ನ್ಯಾಯತತ್ತ್ವ. ಉದ್ಯಾನಕ್ಕೂ ಅಮೆರಿಕದ ಮೂಲನಿವಾಸಿ ಬುಡಕಟ್ಟಿನವರಿಗೂ ಅದು ಏಕೆ ಅನ್ವಯಿಸುವುದಿಲ್ಲ?
— ಕಾನೂನು ವಿದ್ಯಾರ್ಥಿ, ಧಾರವಾಡ

ಉತ್ತರ: ಆ ತತ್ತ್ವವನ್ನು ಅಮೆರಿಕದಲ್ಲಿ ಮುಗಿಸಿದ್ದು ಒಂದು ಕೋಳಿ ಸಾಕಣೆಯ ಪ್ರಕರಣ. ಉತ್ತರ ಕ್ಯಾರೊಲೈನಾದಲ್ಲಿ ಕಾಸ್ಬಿ ಎಂಬ ಕುಟುಂಬದ ಕೋಳಿಮನೆಯ ಮೇಲೆಯೇ ಎರಡನೆಯ ಮಹಾಯುದ್ಧದ ಕಾಲದ ಸೇನಾ ವಿಮಾನಗಳು ತೀರಾ ತಗ್ಗಿನಲ್ಲಿ ಹಾರುತ್ತಿದ್ದವು. ಬೆದರಿದ ಕೋಳಿಗಳು ಗೋಡೆಗೆ ಹಾರಿ ಬಡಿದುಕೊಂಡು ಸಾಯುತ್ತಿದ್ದವು. ಕೆಲವು ದಿನ ಆರರಿಂದ ಹತ್ತು, ಒಟ್ಟಿನಲ್ಲಿ ಸುಮಾರು 150. 1946ರಲ್ಲಿ ಸುಪ್ರೀಂ ಕೋರ್ಟ್, ಆಕಾಶ ಪೂರ್ತಿ ಭೂಮಾಲೀಕನದು ಎಂಬ ಮಾತಿಗೆ ಈ ಕಾಲದಲ್ಲಿ ಎಡೆಯಿಲ್ಲ ಎಂದಿತು. ಆದರೆ ನೆಲವನ್ನು ಬಳಸಲು ಬೇಕಾಗುವಷ್ಟು ಎತ್ತರವಾದರೂ ಅವನದೇ, ಅದರೊಳಗೆ ನುಗ್ಗಿ ಬದುಕು ಕೆಡಿಸಿದರೆ ಪರಿಹಾರ ಕೊಡಬೇಕು ಎಂದೂ ಹೇಳಿತು.

ಉಳಿದ ಎತ್ತರವೆಲ್ಲ ಫೆಡರಲ್ ಸರ್ಕಾರದ ಪಾಲು. ಆದ್ದರಿಂದ ತನ್ನ ನೆಲಕ್ಕೆ ಯಾರು ಕಾಲಿಡಬೇಕು ಎಂದು ತೀರ್ಮಾನಿಸಬಲ್ಲ ಬುಡಕಟ್ಟು ಸರ್ಕಾರವು ತನ್ನ ನೆತ್ತಿಯ ಮೇಲೆ ಯಾರು ಹಾರಬೇಕು ಎಂಬುದನ್ನು ತಾನಾಗಿ ತೀರ್ಮಾನಿಸಲಾರದು. 2000ದ ಕಾನೂನು ಉದ್ಯಾನದೊಳಗಿನ ಅಥವಾ ಉದ್ಯಾನಕ್ಕೆ ಹೊಂದಿಕೊಂಡ ಬುಡಕಟ್ಟು ನೆಲವನ್ನೂ ತನ್ನ ವ್ಯಾಪ್ತಿಗೆ ತಂದು, ಆ ಸಮುದಾಯಗಳೊಡನೆ ಸಮಾಲೋಚಿಸುವುದನ್ನು ಕಡ್ಡಾಯ ಮಾಡಿತು. ಸಮಾಲೋಚನೆ ಎಂದರೆ ಒಪ್ಪಿಗೆಯಲ್ಲ ಎಂಬುದನ್ನು ನೀವು ಕಾನೂನು ಓದುತ್ತಿರುವುದರಿಂದ ಬೇಗ ಗುರುತಿಸುತ್ತೀರಿ. ಉದ್ಯಾನಕ್ಕೆ ಹೊಂದಿಕೊಳ್ಳದೆ ದೂರದಲ್ಲಿರುವ ಬುಡಕಟ್ಟು ನೆಲಕ್ಕೆ ಆ ಸಮಾಲೋಚನೆಯ ಭಾಗ್ಯವೂ ಇಲ್ಲ.

ಪ್ರಶ್ನೆ: ಎಲ್ಲ ವಿಮಾನಗಳೂ ಸದ್ದು ಮಾಡುತ್ತವೆ. ಒಂದು ಹಾರಾಟ ‘ವಿಹಾರ’ವೇ ಅಲ್ಲವೇ ಎಂದು ಹೇಗೆ ಹೇಳುತ್ತಾರೆ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಇದಕ್ಕೆ ಕಾನೂನಿನಲ್ಲಿ ಕೆಲವು ಪರೀಕ್ಷೆಗಳಿವೆ. ಪೈಲಟ್ ಕೆಳಗಿನ ಸ್ಥಳಗಳ ವಿವರಣೆ ಕೊಡುತ್ತಾನೆಯೇ, ಅದೇ ದಾರಿಯಲ್ಲಿ ಎಷ್ಟು ಬಾರಿ ಹಾರುತ್ತಾನೆ ಎಂಬಂಥವು. ಅವುಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಒಂದು: ಮಂಜು ಕವಿದು ನೆಲ ಕಾಣದಿದ್ದರೆ ಆ ಹಾರಾಟ ರದ್ದಾಗುತ್ತಿತ್ತೇ? ಊರಿಗೆ ಹೋಗುವವನಿಗೆ ನೆಲ ಕಾಣಬೇಕಾಗಿಲ್ಲ. ನೋಡಲೆಂದೇ ಹೊರಟವನಿಗೆ ಕಾಣದಿದ್ದರೆ ಟಿಕೆಟ್ಟೇ ವ್ಯರ್ಥ. ಗ್ರ್ಯಾಂಡ್ ಕ್ಯಾನ್ಯನ್ನಿನ ಪಕ್ಕದ ಕಣಿವೆಯೊಳಗೆ ಹವಾಸುಪೈ ಜನರ ಸುಪೈ ಎಂಬ ಹಳ್ಳಿಯಿದೆ. ಅಲ್ಲಿಗೆ ರಸ್ತೆಯಿಲ್ಲ, ಅಂಚೆ ಇಂದಿಗೂ ಹೇಸರಗತ್ತೆಯ ಮೇಲೆ ಇಳಿಯುತ್ತದೆ. ಅಲ್ಲಿಗೆ ಬರುವ ಹೆಲಿಕಾಪ್ಟರ್ ಹಳ್ಳಿಯ ಜೀವನಾಡಿಯೇ ಹೊರತು ವಿಹಾರವಲ್ಲ. ಸದ್ದು ಒಂದೇ ಆದರೂ ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ತಪ್ಪಾಗುತ್ತದೆ.

ಪ್ರಶ್ನೆ: ಬುಡಕಟ್ಟಿನವರು ಈ ಹಾರಾಟಗಳನ್ನು ವಿರೋಧಿಸುತ್ತಾರೆ ಎಂದು ಓದಿದ್ದೇನೆ. ಆದರೆ ಅವರ ನೆಲದಲ್ಲಿಯೇ ಹೆಲಿಕಾಪ್ಟರುಗಳು ಇಳಿಯುವ ಚಿತ್ರಗಳನ್ನೂ ನೋಡಿದ್ದೇನೆ. ಯಾವುದು ನಿಜ?
— ಸಂಶೋಧಕಿ, ಹಂಪಿ

ಉತ್ತರ: ಎರಡೂ ನಿಜ, ಏಕೆಂದರೆ ‘ಬುಡಕಟ್ಟಿನವರು’ ಎಂಬ ಒಬ್ಬರೇ ಇಲ್ಲ.

ಗ್ರ್ಯಾಂಡ್ ಕ್ಯಾನ್ಯನ್ನಿನ ಪಶ್ಚಿಮ ಭಾಗದಲ್ಲಿ ಕೊಲೊರಾಡೊ ನದಿಯ ಉದ್ದಕ್ಕೂ 108 ಮೈಲಿ ಚಾಚಿಕೊಂಡಿರುವ ನೆಲ ಹುವಾಲಪೈ ಜನರದು. ಗಾಜಿನ ನೆಲಗಟ್ಟಿನ ಪ್ರಸಿದ್ಧ ಸ್ಕೈವಾಕ್ 2007ರಲ್ಲಿ ಶುರುವಾದದ್ದು ಅಲ್ಲಿಯೇ. ಉದ್ಯಾನದಲ್ಲಿ ನಿಷಿದ್ಧವಾದ ಕೆಲಸ, ಎಂದರೆ ಕಣಿವೆಯ ತಳಕ್ಕೇ ಹೆಲಿಕಾಪ್ಟರ್ ಇಳಿಸುವುದು, ಅವರ ನೆಲದಲ್ಲಿ ನಡೆಯುತ್ತದೆ. ಎಫ್‌ಎಎ 2000ದಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ಹಾರಾಟಗಳಿಗೆ ವಾರ್ಷಿಕ ಮಿತಿ ಹಾಕಿದಾಗ, ಈ ಜನರ ಆದಾಯಕ್ಕೆ ಪೆಟ್ಟು ಬೀಳುತ್ತದೆಂದು ಅವರಿಗೆ ಸಂಬಂಧಿಸಿದ ಹಾರಾಟಗಳನ್ನು ಆ ಮಿತಿಯಿಂದ ಹೊರಗಿಟ್ಟಿತು. ಇದರಲ್ಲಿ ಅಪಾಯವಿಲ್ಲವೆಂದಲ್ಲ: 2018ರ ಫೆಬ್ರುವರಿಯಲ್ಲಿ ಅಲ್ಲಿ ಇಳಿಯುತ್ತಿದ್ದ ವಿಹಾರದ ಹೆಲಿಕಾಪ್ಟರೊಂದು ಬಿದ್ದು, ಏಳು ಮಂದಿಯಲ್ಲಿ ಐವರು ಬ್ರಿಟಿಷ್ ಪ್ರವಾಸಿಗರು ತೀರಿಕೊಂಡರು. ಆದರೂ, ಬೇರೆ ದುಡಿಮೆಗೆ ಅವಕಾಶ ಕಡಿಮೆಯಿರುವ ಒಣನೆಲದ ಒಂದು ಸಣ್ಣ ಸಮುದಾಯವು ತನ್ನ ಕಣಿವೆಯನ್ನು ತಾನೇ ತೋರಿಸಿ ದುಡಿಯುವುದನ್ನು, ಶತಮಾನಗಳಿಂದ ಅವರ ನೆಲವನ್ನು ಕಿತ್ತುಕೊಂಡವರ ಮೊಮ್ಮಕ್ಕಳು ನಿಶ್ಶಬ್ದದ ಹೆಸರಿನಲ್ಲಿ ತಡೆಯುವುದು ನನಗೆ ಸರಿಕಾಣದು.

ದಕ್ಷಿಣ ಡಕೋಟದಲ್ಲಿ ಮಾತು ಬೇರೆ. ಅಮೆರಿಕದ ಅಧ್ಯಕ್ಷರ ಮುಖಗಳನ್ನು ಬಂಡೆಯಲ್ಲಿ ಕೆತ್ತಿದ ಮೌಂಟ್ ರಷ್‌ಮೋರ್ ಇರುವ ಬ್ಲ್ಯಾಕ್ ಹಿಲ್ಸ್, 1868ರ ಒಪ್ಪಂದದಲ್ಲಿ ಲಕೋಟ ಜನರಿಗೆ ಬಿಟ್ಟುಕೊಟ್ಟು ಆಮೇಲೆ ಕಸಿದುಕೊಂಡ ಬೆಟ್ಟಸಾಲು. ಅದಕ್ಕೆ ಪರಿಹಾರ ಕೊಡಬೇಕೆಂದು 1980ರಲ್ಲಿ ಸುಪ್ರೀಂ ಕೋರ್ಟೇ ಹೇಳಿದರೂ ಅವರು ಆ ಹಣವನ್ನು ಮುಟ್ಟಿಲ್ಲ. ಅವರಿಗೆ ಬೇಕಾದದ್ದು ಬೆಟ್ಟ. ಪಕ್ಕದ ಬ್ಯಾಡ್‌ಲ್ಯಾಂಡ್ಸ್ ಉದ್ಯಾನದ ದಕ್ಷಿಣ ಭಾಗ ಅವರದೇ ಪೈನ್ ರಿಡ್ಜ್ ಮೀಸಲು ನೆಲದೊಳಗಿದೆ. ರಷ್‌ಮೋರ್ ಮೇಲೆ ವರ್ಷಕ್ಕೆ 3,914, ಬ್ಯಾಡ್‌ಲ್ಯಾಂಡ್ಸ್ ಮೇಲೆ 1,425 ಹಾರಾಟಗಳು ನಡೆಯುತ್ತಿದ್ದವು. ಪೂಜೆ, ಉಪವಾಸಗಳಿಗೆಂದು ಒಬ್ಬನೇ ಬೆಟ್ಟ ಹತ್ತಿ ಕುಳಿತವನ ತಲೆಯ ಮೇಲೆ ಅಪರಿಚಿತರು ಕ್ಯಾಮೆರಾ ಹಿಡಿದು ಸುತ್ತುತ್ತಿದ್ದರೆ ಹೇಗಿರುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. 2023ರ ನವೆಂಬರ್‌ನಲ್ಲಿ ಬಂದ ಯೋಜನೆ ಎರಡೂ ಕಡೆ ಇಂಥ ಹಾರಾಟಕ್ಕೆ ಅವಕಾಶವನ್ನೇ ಕೊಡಲಿಲ್ಲ. ನ್ಯೂ ಮೆಕ್ಸಿಕೊದ ಬ್ಯಾಂಡೆಲಿಯರ್‌ನಲ್ಲಿಯೂ, ಪೂರ್ವಜರ ನೆಲೆಯೆಂದು ಅದನ್ನು ಕಾಣುವ ಪ್ವೆಬ್ಲೊ ಸಮುದಾಯಗಳ ಮಾತಿಗೆ ಬೆಲೆ ಕೊಟ್ಟು, ಹಾಗೆಯೇ ಮಾಡಲಾಯಿತು.

ಕಾನೂನು ಎಡವದಿರಬೇಕಾದರೆ ‘ಬುಡಕಟ್ಟುಗಳ ಹಿತ’ ಎಂದು ಒಟ್ಟಾಗಿ ಬರೆದರೆ ಸಾಲದು. ಯಾವ ಸಮುದಾಯ, ಯಾವ ಕಣಿವೆ, ಯಾವ ದಿನ ಎಂದು ಹೆಸರು ಹಿಡಿದು ಕೇಳಬೇಕು. ಬೇಡ ಎಂದಾಗ ಆ ಮಾತು ನಡೆಯಬೇಕು.

ಪ್ರಶ್ನೆ: ನನ್ನ ತಾಯಿಗೆ ಮಂಡಿನೋವು, ನಡೆಯಲಾರರು. ಆಕಾಶದಿಂದ ನೋಡುವುದು ಅವರಂಥವರಿಗೆ ಇರುವ ಒಂದೇ ದಾರಿಯಲ್ಲವೇ?
— ಓದುಗರೊಬ್ಬರು, ಸ್ಯಾನ್ ಹೋಸೆ

ಉತ್ತರ: ವಿಹಾರ ಕಂಪನಿಗಳೂ ಇದೇ ವಾದವನ್ನು ಮುಂದಿಡುತ್ತವೆ, ಅದರಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಗ್ರ್ಯಾಂಡ್ ಕ್ಯಾನ್ಯನ್ನಿನ ದಕ್ಷಿಣ ಅಂಚಿನಲ್ಲಿ ಗಾಲಿಕುರ್ಚಿ ಹೋಗುವ ಹಾದಿಗಳಿವೆ, ಗಾಲಿಕುರ್ಚಿ ಏರಿಸಬಲ್ಲ ಉಚಿತ ಬಸ್ಸುಗಳಿವೆ; ಹವಾಯಿಯ ಹಲೇಆಕಲಾ ಶಿಖರದ ಹತ್ತಿರದವರೆಗೆ ಕಾರು ಹೋಗುತ್ತದೆ. ನಿಮ್ಮ ಊರಿಗೆ ಹತ್ತಿರದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ನಾಲ್ಕು ಉದ್ಯಾನಗಳ ವಿಷಯದಲ್ಲಿ ಮಾತ್ರ ಗೊಂದಲವಾಯಿತು. ವರ್ಷಕ್ಕೆ 2,548 ಹಾರಾಟಗಳಿಗೆ ಒಪ್ಪಿಗೆ ಕೊಟ್ಟಿದ್ದ ಯೋಜನೆಯನ್ನು, ಇಲಾಖೆಗಳು ಪರಿಸರದ ಮೇಲಿನ ಪರಿಣಾಮವನ್ನು ಸರಿಯಾಗಿ ಅಳೆಯಲಿಲ್ಲವೆಂದು 2024ರ ನವೆಂಬರ್ 12ರಂದು ಮೇಲ್ಮನವಿ ನ್ಯಾಯಾಲಯವು ಕಾನೂನುಬಾಹಿರವೆಂದು ಸಾರಿತು. ಈಗಾಗಲೇ ನಡೆಯುತ್ತಿರುವ ಹಾರಾಟವನ್ನೇ ‘ಇದ್ದ ಸ್ಥಿತಿ’ ಎಂದು ಹಿಡಿದು, ಅದರಿಂದ ಹೊಸ ಹಾನಿಯೇನೂ ಇಲ್ಲ ಎಂದು ಬರೆದದ್ದೇ ಅಲ್ಲಿನ ಮುಖ್ಯ ದೋಷ.

ಪ್ರಶ್ನೆ: ನಮ್ಮ ಬಂಡೀಪುರದ ಮೇಲೆ ಹೀಗೆ ಹಾರಬಹುದೇ?
— ಓದುಗರೊಬ್ಬರು, ಗುಂಡ್ಲುಪೇಟೆ

ಉತ್ತರ: ಪರಿಸರ ಸೂಕ್ಷ್ಮ ವಲಯಗಳ ಬಗ್ಗೆ ಕೇಂದ್ರ ಪರಿಸರ ಸಚಿವಾಲಯವು 2011ರಲ್ಲಿ ಹೊರಡಿಸಿದ ಮಾರ್ಗಸೂಚಿಯು, ಪ್ರವಾಸಕ್ಕಾಗಿ ವಿಮಾನ, ಬಿಸಿಗಾಳಿ ಬಲೂನುಗಳಲ್ಲಿ ರಾಷ್ಟ್ರೀಯ ಉದ್ಯಾನದ ಮೇಲೆ ಹಾರುವುದನ್ನು ನಿಷಿದ್ಧ ಚಟುವಟಿಕೆಗಳ ಪಟ್ಟಿಗೆ ಸೇರಿಸಿದೆ. ಕಾಗದದ ಮಟ್ಟಿಗೆ ನಾವು ಅಮೆರಿಕಕ್ಕಿಂತ ಬಿಗಿ. ಆದರೆ ನಮ್ಮಲ್ಲಿಯೂ ನೆಲ ಅರಣ್ಯ ಇಲಾಖೆಯದು, ಆಕಾಶ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ್ದು. ಕೇದಾರನಾಥಕ್ಕೆ ಯಾತ್ರಿಕರನ್ನು ಒಯ್ಯುವ ಹೆಲಿಕಾಪ್ಟರುಗಳು ಕಸ್ತೂರಿಮೃಗದ ಅಭಯಾರಣ್ಯದ ಮೇಲೆ 600 ಮೀಟರ್ ಎತ್ತರವನ್ನು ಪಾಲಿಸುತ್ತಿಲ್ಲವೆಂದು ಅಲ್ಲಿನ ಅರಣ್ಯಾಧಿಕಾರಿಗಳು ದೂರುತ್ತಲೇ ಬಂದಿದ್ದಾರೆ. ಮೈಸೂರಿನ ಲಲಿತಮಹಲ್ ಬಳಿ ಹೆಲಿ ಟೂರಿಸಂ ಪ್ರಸ್ತಾವ 2021ರಲ್ಲಿ ಬಂದಾಗ, ಮರ ಕಡಿಯುವುದನ್ನು ಜನ ಗಟ್ಟಿಯಾಗಿ ವಿರೋಧಿಸಿದರು. ಅಂದಿನ ಚರ್ಚೆ ಬಹುಮಟ್ಟಿಗೆ ಆ ಮರಗಳ ಸುತ್ತಲೇ ನಡೆಯಿತು. ಅಲ್ಲಿಂದ ಮೇಲೆದ್ದ ಹೆಲಿಕಾಪ್ಟರ್ ಯಾವ ಕಾಡಿನ ಮೇಲೆ, ಎಷ್ಟು ತಗ್ಗಿನಲ್ಲಿ ಹೋಗುತ್ತದೆ ಎಂಬುದನ್ನು ಮುಂದಿನ ಪ್ರಸ್ತಾವ ಬಂದಾಗ ನಿಮ್ಮ ತಾಲ್ಲೂಕಿನವರೇ ಮೊದಲು ಕೇಳಬೇಕಾಗುತ್ತದೆ. ಅರ್ಜಿಯನ್ನು ಎರಡೂ ಇಲಾಖೆಗಳಿಗೆ ಒಟ್ಟಿಗೆ ಕೊಡಿ.